ಯುಗಾದಿಯಿಂದ ತೂಕ ಇಳಿಸುವ ಸಂಕಲ್ಪ: ಆಹಾರತಜ್ಞೆಯೊಂದಿಗೆ ಮುಂಬಯಿ ಕನ್ನಡಿಗರ ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಮೇಡಂ. ನನಗೆ 43 ವರ್ಷ, ಎತ್ತರ ಐದಡಿ ಆರಿಂಚು, ತೂಕ 88 ಕಿಲೋ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಬಂದಿದ್ದು, ಇದು ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ವೈದ್ಯರು ಎಚ್ಚರಿಸಿದ್ದಾರೆ. ಜನವರಿ 1ರಂದು ಮನೆಯವರೆಲ್ಲರ ಎದುರು ಮೂರು ತಿಂಗಳಲ್ಲಿ 15 ಕಿಲೋ ಇಳಿಸುತ್ತೇನೆಂದು ಹೇಳಿ, ಜಿಮ್ಮಿಗೆ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಿದೆ. ಬೆಳಿಗ್ಗೆ ಐದಕ್ಕೆ ಎದ್ದು ಜಿಮ್ಮು ಮುಗಿಸಿ ಫಾಸ್ಟ್ ಲೋಕಲ್ ಹಿಡಿಯುತ್ತಿದ್ದೆ. ಅನ್ನ, ಸಿಹಿ, ಕರಿದ ತಿಂಡಿ ಮೂರನ್ನೂ ಪೂರ್ತಿ ಬಿಟ್ಟಿದ್ದೆ. ಫೆಬ್ರವರಿ ಎರಡನೆಯ ವಾರ ಜ್ವರ ಬಂದು ನಾಲ್ಕು ದಿನ ತಪ್ಪಿತು. ಆಮೇಲೆ ಜಿಮ್ಮಿನ ಮೆಟ್ಟಿಲು ಹತ್ತಲೇ ಇಲ್ಲ. ಕಚೇರಿಯಲ್ಲಿ ಸಂಜೆ ನಾಲ್ಕಕ್ಕೆ ಬರುವ ಸಮೋಸಾವೂ ಮತ್ತೆ ಶುರುವಾಯಿತು, ಇಳಿದಿದ್ದ ಮೂರು ಕಿಲೋ ಹಿಂದಿರುಗಿತು. ಹೀಗಾಗುತ್ತಿರುವುದು ಇದು ನಾಲ್ಕನೆಯ ವರ್ಷ. ಯುಗಾದಿಯಿಂದ ಮತ್ತೆ ಆರಂಭಿಸಬೇಕೆಂದಿದ್ದೇನೆ. ನನ್ನಲ್ಲಿ ಮನೋಬಲವೇ ಇಲ್ಲವೇ?

ಉತ್ತರ: ಡೊಂಬಿವಲಿಯಿಂದ ದಿನವೂ ಲೋಕಲ್‌ನಲ್ಲಿ ಓಡಾಡುತ್ತ, ಆರು ವಾರ ಐದು ಗಂಟೆಗೆ ಎದ್ದವರಿಗೆ ಮನೋಬಲವಿಲ್ಲ ಎಂದು ನಾನು ಒಪ್ಪುವುದಿಲ್ಲ. ಕೊರತೆಯಿದ್ದದ್ದು ಸಂಕಲ್ಪದ ರಚನೆಯಲ್ಲಿ. ಎಲ್ಲವೂ ಸರಿಯಿರುವ ದಿನ ಏನು ಮಾಡಬೇಕೆಂಬುದನ್ನು ಗಂಟೆ, ನಿಮಿಷಗಳ ಸಮೇತ ಬರೆದಿಟ್ಟಿದ್ದಿರಿ. ಜ್ವರ ಬಿಟ್ಟ ಮರುದಿನ ಏನು ಮಾಡಬೇಕೆಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ಜ್ವರ ನಾಲ್ಕು ದಿನವನ್ನಷ್ಟೇ ಕಿತ್ತುಕೊಂಡಿತು. ಉಳಿದ ವಾರಗಳು ಹೋದದ್ದು ಐದನೆಯ ದಿನ ಬೆಳಿಗ್ಗೆ "ಹೇಗೂ ತಪ್ಪಿತಲ್ಲ" ಎಂದು ನೀವು ಮಗ್ಗುಲು ಬದಲಿಸಿದ್ದರಿಂದ. ಚಟ ಬಿಡಿಸುವ ಚಿಕಿತ್ಸೆಯಲ್ಲಿ ಹೆಸರಾದ ಅಮೆರಿಕದ ಮನೋವಿಜ್ಞಾನಿ ಆಲನ್ ಮಾರ್ಲಾಟ್ ಈ ಮನಸ್ಥಿತಿಯನ್ನೇ ಗುರುತಿಸಿದ್ದರು: ಒಮ್ಮೆ ನಿಯಮ ಮುರಿದವರು ಅದನ್ನು ತಮ್ಮ ಸ್ವಭಾವದ ದೋಷವೆಂದು ಬಗೆದರೆ ಪೂರ್ತಿ ಜಾರುತ್ತಾರೆ, ಸಂದರ್ಭದ ತೊಡಕೆಂದು ಬಗೆದರೆ ಬೇಗ ಮರಳುತ್ತಾರೆ. ನಮ್ಮಲ್ಲಿ ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎನ್ನುತ್ತಾರಲ್ಲ, ನಿಮ್ಮ ನಾಲ್ಕು ಗಂಟೆಯ ಸಮೋಸಾ ಆ ಲೆಕ್ಕಕ್ಕೆ ಸೇರಿದ್ದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ಯೋಚಿಸದೆಯೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ವ್ಯಕ್ತಿಯನ್ನೂ ಕೆಲಸವನ್ನೂ ಅವಲಂಬಿಸಿ ಈ ಅಂದಾಜು 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆಂದು ವಾಟ್ಸಾಪಿನಲ್ಲಿ ಓದಿದ್ದನ್ನು ದಯವಿಟ್ಟು ಮರೆತುಬಿಡಿ. ಅದೇ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೂ ಆಗಿರಲಿಲ್ಲ.

ಇನ್ನು ಆ 15 ಕಿಲೋ. ನಿಮ್ಮಂತೆ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದೇಹತೂಕದ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆ ಎಂಬ ಎರಡೇ ಗುರಿಗಳನ್ನು ಕೊಡಲಾಗಿತ್ತು. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಮಧುಮೇಹಕ್ಕೆ ತುತ್ತಾಗುವ ಪ್ರಮಾಣ ಶೇ. 58ರಷ್ಟು ತಗ್ಗಿತು. ನಿಮ್ಮ ಲೆಕ್ಕದಲ್ಲಿ ಶೇ. 7 ಎಂದರೆ ಆರು ಕಿಲೋ ಚಿಲ್ಲರೆ, ಅದನ್ನು ಆರು ತಿಂಗಳಲ್ಲಿ ಇಳಿಸಿದರೂ ಸಾಕು. ಮೂರು ತಿಂಗಳಿಗೆ 15 ಕಿಲೋ ಎಂದುಕೊಂಡವರಿಗೆ, ಕೈಸೇರಿದ ಮೂರು ಕಿಲೋ ಗೆಲುವಾಗಿ ಕಾಣುವುದೇ ಇಲ್ಲ. ಅನ್ನ ತಿಂದು ಬೆಳೆದವರು ಅನ್ನವನ್ನೇ ಪೂರ್ತಿ ಬಿಡುವ ಪ್ರತಿಜ್ಞೆಯೂ ನನಗೆ ಸಮ್ಮತವಲ್ಲ. ಒಂದು ಸೌಟು ಕಡಿಮೆ ಬಡಿಸಿಕೊಂಡು, ಆ ಜಾಗದಲ್ಲಿ ಪಲ್ಯವನ್ನೋ ಬೇಯಿಸಿದ ಕಾಳನ್ನೋ ಹಾಕಿಕೊಳ್ಳಿ.

ನಿಮ್ಮ ಕಚೇರಿ ಎಲ್ಲಿದೆ ಎಂದು ತಿಳಿಸಿದರೆ ಮುಂದಿನದನ್ನು ಹೇಳುತ್ತೇನೆ.

ಪ್ರಶ್ನೆ (ಡೊಂಬಿವಲಿಯಿಂದ, ಮುಂದುವರಿದು): ನರಿಮನ್ ಪಾಯಿಂಟ್, ಮೇಡಂ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಬಸ್ಸು ಇಲ್ಲವೇ ಶೇರ್ ಟ್ಯಾಕ್ಸಿ. ಮನೆಗೆ ಮರಳುವಾಗ ರಾತ್ರಿ ಎಂಟೂವರೆ ದಾಟಿರುತ್ತದೆ.

ಉತ್ತರ: ಹಾಗಾದರೆ ವ್ಯಾಯಾಮಕ್ಕೆಂದು ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ. ಸಂಜೆ ಕಚೇರಿಯಿಂದ ಸಿಎಸ್‌ಎಂಟಿಗೆ ಚುರುಕಾಗಿ ನಡೆದರೆ ಅರ್ಧ ಗಂಟೆ. ವಾರದ ಐದು ದಿನಕ್ಕೆ ಆ 150 ನಿಮಿಷ ಅಲ್ಲಿಯೇ ತುಂಬುತ್ತದೆ. ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ. ಚರ್ಮದ ಷೂ ಕಚೇರಿಯ ಮೇಜಿನ ಕೆಳಗೇ ಇರಲಿ, ಓಡಾಟಕ್ಕೆ ಕ್ಯಾನ್ವಾಸ್ ಷೂ ಹಾಕಿಕೊಳ್ಳಿ. ಸಣ್ಣದೆನಿಸಿದರೂ, ಷೂ ಕಾಲು ಕಚ್ಚುವುದರಿಂದ ನಿಂತುಹೋದ ನಡಿಗೆಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಇದರ ಜೊತೆಗೆ ಮೂರು ವಾಕ್ಯಗಳನ್ನು ನಿಮ್ಮ ಕೈಯಾರೆ ಬರೆದು ರೈಲ್ವೆ ಪಾಸಿನ ಜೊತೆ ಇಟ್ಟುಕೊಳ್ಳಿ. "ಮಳೆ ಸುರಿಯುತ್ತಿದ್ದರೆ, ಮನೆಗೆ ಬಂದು ಊಟಕ್ಕೆ ಮೊದಲು ಹತ್ತು ನಿಮಿಷ ಕಟ್ಟಡದ ಮೆಟ್ಟಿಲು ಹತ್ತಿಳಿಯುತ್ತೇನೆ." "ಸಮೋಸಾ ಬಂದರೆ, ಅರ್ಧ ಮುರಿದುಕೊಂಡು ಜೊತೆಗೆ ಡಬ್ಬಿಯ ಹುರಿಗಡಲೆ ತಿನ್ನುತ್ತೇನೆ." "ಎರಡು ದಿನ ತಪ್ಪಿದರೆ, ಮೂರನೆಯ ದಿನ ಐದೇ ನಿಮಿಷವಾದರೂ ನಡೆಯುತ್ತೇನೆ." ಹೀಗಾದರೆ ಹೀಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರಿಯ ಗುರಿಯನ್ನಷ್ಟೇ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನು ಮುಟ್ಟುತ್ತಾರೆಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಮೂರರಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ನಾಲ್ಕು ವರ್ಷವೂ ಮುರಿದದ್ದು ಅಲ್ಲಿಯೇ ಇರಬಹುದೆಂದು ನನ್ನ ಊಹೆ.

ಪ್ರಶ್ನೆ (ಠಾಣೆಯಿಂದ): ಮೇಡಂ, ನಾನು ದಿನವೂ ನಡೆಯುತ್ತೇನೆ, ದಿನವೂ ತೂಕ ನೋಡುತ್ತೇನೆ. ಭಾನುವಾರ ಒಂದು ಮದುವೆ ಊಟ ಮಾಡಿ ಬಂದರೆ ಸೋಮವಾರ ಒಂದೂಕಾಲು ಕಿಲೋ ಹೆಚ್ಚು! ಇಡೀ ವಾರ ಮನಸ್ಸು ಕುಗ್ಗುತ್ತದೆ. ನಮ್ಮ ಅತ್ತೆಯವರು "ಇದೆಲ್ಲ ಎಷ್ಟು ದಿನ ನೋಡೋಣ" ಎನ್ನುತ್ತಾರೆ.

ಉತ್ತರ: ಒಂದು ಊಟದಿಂದ ಅಷ್ಟು ಕೊಬ್ಬು ಸೇರುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಾರುಗಳ ಉಪ್ಪು ನೀರನ್ನು ಹಿಡಿದಿಡುತ್ತದೆ. ಅನ್ನ ಮತ್ತು ಸಿಹಿಯ ಸಕ್ಕರೆಯಂಶ ಗ್ಲೈಕೋಜೆನ್ (ದೇಹ ಸಕ್ಕರೆಯನ್ನು ಕೂಡಿಡುವ ರೂಪ) ಆಗಿ ಶೇಖರವಾಗುವಾಗ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮಿನಷ್ಟು ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಅದು ಇಳಿಯುತ್ತದೆ. ತಿಂಗಳ ಮುಟ್ಟಿನ ಮುಂಚೆಯೂ ಹೀಗಾಗಬಹುದು. ಅಂಕಿ ನಿಮ್ಮನ್ನು ಕುಗ್ಗಿಸುತ್ತಿರುವುದರಿಂದ ವಾರಕ್ಕೊಮ್ಮೆ, ಬುಧವಾರವೋ ಗುರುವಾರವೋ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ. ತಿಂಗಳಿಗೊಮ್ಮೆ ಹೊಲಿಗೆಯ ಟೇಪಿನಿಂದ ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಮಿತಿ. ಅತ್ತೆಯವರಿಗೆ ಉತ್ತರ ಕೊಡುವುದಕ್ಕಿಂತ ಒಂದು ಸಂಜೆ ಜೊತೆಗೆ ನಡೆಯಲು ಕರೆಯಿರಿ. ಬಂದರೆ ಸಂತೋಷ, ಬಾರದಿದ್ದರೆ ಅರ್ಧ ಗಂಟೆ ಆ ಮಾತು ಕೇಳಿಸುವುದಿಲ್ಲ.

ಪ್ರಶ್ನೆ (ಚೆಂಬೂರಿನಿಂದ): ನಮ್ಮದು ಹೋಟೆಲ್. ರಾತ್ರಿ ಹನ್ನೆರಡಕ್ಕೆ ಶಟರ್ ಎಳೆದ ಮೇಲೆಯೇ ಊಟ. ಬೆಳಗಿನ ನಡಿಗೆ ನನಗೆ ಆಗದ ಮಾತು.

ಉತ್ತರ: ಬೆಳಗಿನ ನಡಿಗೆಯೇ ಆಗಬೇಕೆಂಬ ಶಾಸ್ತ್ರವಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು ಒಂದು ಬಿಡುವು ಸಿಗುತ್ತದಲ್ಲ, ಅದೇ ನಿಮ್ಮ ಹೊತ್ತು. ಊಟವನ್ನು ಎಂಟು ಗಂಟೆಗೇ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ಕುಳಿತು ಮುಗಿಸಿ. ಗಲ್ಲಾದ ಬಳಿ ಆಗಾಗ ಬಾಯಿಗೆ ಬೀಳುವ ಬೋಂಡಾದ ತುಂಡು, ಗಂಟೆಗೊಮ್ಮೆ ಸಕ್ಕರೆ ಹಾಕಿದ ಕಾಫಿ, ಇವುಗಳನ್ನು ಒಂದು ದಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀರು ಹಾಕಿ ಎಣಿಸಿ, ಆ ಲೆಕ್ಕವನ್ನು ಇಲ್ಲಿ ಬರೆಯಿರಿ.

ಪ್ರಶ್ನೆ (ಡೊಂಬಿವಲಿಯಿಂದ): ಕಡೆಯದೊಂದು, ಮೇಡಂ. ಜಿಮ್ಮಿಗೆ ಕಟ್ಟಿದ ಹಣ? ಇನ್ನೂ ಒಂಬತ್ತು ತಿಂಗಳಿದೆ.

ಉತ್ತರ: ಶನಿವಾರ ಒಂದು ದಿನ ಹೋಗಿ ಸ್ನಾಯುಗಳಿಗೆ ಶ್ರಮವಾಗುವ ವ್ಯಾಯಾಮ ಮಾಡಿ ಬನ್ನಿ, ವಾರಕ್ಕೆರಡು ಬಾರಿ ಅಂಥದ್ದು ಬೇಕೇ ಬೇಕು, ಎರಡನೆಯದನ್ನು ಮನೆಯಲ್ಲಿಯೇ ಕುರ್ಚಿಯಿಂದ ಎದ್ದು ಕುಳಿತು ಮಾಡಬಹುದು. ಹಣ ವಸೂಲಾಗಲೆಂದು ಮಾತ್ರ ಮತ್ತೆ ಐದು ಗಂಟೆಯ ಅಲಾರಂ ಇಡಬೇಡಿ. ಸಂಜೆಯ ನಡಿಗೆಗೆ ಯುಗಾದಿಯವರೆಗೆ ಕಾಯಬೇಕಾಗಿಯೂ ಇಲ್ಲ, ನಾಳೆ ಬುಧವಾರ, ಕಚೇರಿಯಂತೂ ಇದೆ.