ಅಪ್‌ಡೇಟ್: ಹೊಸ ಪೂಲ್‌ನ ಗುಳ್ಳೆ, ಬಿಳಿ ಪುಡಿಗೆ ಕಾರಣ ಸಿಕ್ಕಿತು

ಮೈಸೂರಿನ ನಮ್ಮ ಹಿತ್ತಲಿನ 50,000 ಲೀಟರ್‌ನ ಹೊಸ ಪೂಲ್‌ನಲ್ಲಿ ನೀರು ಇಳಿಯುತ್ತಿದೆ, ನೀರನ್ನು ಪೂಲ್‌ಗೆ ಮರಳಿಸುವ ರಿಟರ್ನ್ ಪೈಪಿನಿಂದ ಗುಳ್ಳೆ ಬರುತ್ತಿವೆ, ಟೈಲ್ಸ್ ಸಂದಿಯಲ್ಲಿ ಬಿಳಿ ಪುಡಿ ಕೂರುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ನೀರು ಸೋರುತ್ತಿಲ್ಲ. ಪೂಲ್ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಒಳಗೂ ಹೊರಗೂ ಮಟ್ಟ ಗುರುತಿಸಿ 24 ಗಂಟೆ ಬಿಟ್ಟಾಗ ಎರಡೂ ಸಮನಾಗಿ ಇಳಿದಿದ್ದವು. ಬರೀ ಆವಿ.

ಗುಳ್ಳೆಯ ಮೂಲ ಪಂಪಿನ ಸಕ್ಷನ್ ಕಡೆ, ಅಂದರೆ ನೀರು ಎಳೆಯುವ ಕಡೆ. ನೀರು ಹೊರದೂಡುವ ಡೆಲಿವರಿ ಕಡೆ ಸಡಿಲವಿದ್ದರೆ ನೀರು ಚಿಮ್ಮಿ ಗೊತ್ತಾಗುತ್ತದೆ. ಸಕ್ಷನ್‌ನಲ್ಲಾದರೆ ಹನಿ ನೀರೂ ಸೋರದೆ ಗಾಳಿ ಒಳಗೆ ಹೋಗುತ್ತದೆ. ಪಂಪ್ ಓಡುವಾಗ ಜಾಯಿಂಟ್‌ಗಳಿಗೆ ಶೇವಿಂಗ್ ಫೋಮ್ ಹಚ್ಚಿ ನೋಡಿ, ಫೋಮ್ ಒಳಕ್ಕೆ ಕುಳಿ ಬಿದ್ದ ಕಡೆಯೇ ದೋಷ. ಇಲ್ಲಿ ಪಂಪಿನ ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಮುಚ್ಚಳದ ಓ-ರಿಂಗ್ ಎಂಬ ರಬ್ಬರ್ ಬಳೆಯ ಕೆಳಗೆ ಗಾರೆ ಕೆಲಸದ ಮರಳಿನ ಕಾಳು ಕೂತಿತ್ತು. ಒರೆಸಿ, ಸಿಲಿಕೋನ್ ಗ್ರೀಸ್ ಸವರಿದ ಮೇಲೆ ಗುಳ್ಳೆ ನಿಂತಿದೆ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತವೆ.

ಬಿಳಿ ಪುಡಿ ಸುಣ್ಣದ್ದು. ಟೈಲ್ಸ್ ಸಂದಿ ತುಂಬಿದ ಹೊಸ ಸಿಮೆಂಟ್ ಗ್ರೌಟ್ ನೀರಿನ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಏರಿಸುತ್ತದೆ, ಮೇಲೆ ಬೋರ್‌ವೆಲ್‌ನ ಗಡಸು ನೀರು. 8.2 ಇದ್ದದ್ದನ್ನು 7.2–7.6ರೊಳಗೆ ತರಬೇಕು. ಒಮ್ಮೆಗೆ ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಸಾಕು: ಬಕೆಟ್ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಲೇಬಾರದು. ಪಂಪ್ ಓಡಿಸುತ್ತಾ ಅದನ್ನು ಪೂಲ್‌ಗೆ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಆಸಿಡ್ ಜೊತೆಗೆ ಕ್ಲೋರಿನ್ ಬೆರೆತರೆ ವಿಷಾನಿಲ ಏಳುತ್ತದೆ, ದಯವಿಟ್ಟು ಎರಡನ್ನೂ ದೂರ ದೂರ ಇಡಿ.