ಕಂಪನಿ ಸ್ಪೋರ್ಟ್ ಸಸ್ಪೆನ್ಷನ್: ಮುಂದೆ ಬಲಗಡೆ ಟಕ್ ಟಕ್ ಸದ್ದು, ಸಣ್ಣ ಗುಂಡಿಗೂ ಬಲವಾದ ಹೊಡೆತ. ಕಾಯಿಲ್‌ಓವರ್ ಹಾಕಿಸಬೇಕೇ?

ಕೆಂಪುಸೆಡಾನ್:
ಕಾರು 2.0 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಫ್ರಂಟ್ ವೀಲ್ ಡ್ರೈವ್, 72 ಸಾವಿರ ಕಿ.ಮೀ. ಓಡಿದೆ. ಸ್ಪೋರ್ಟ್ ಸಸ್ಪೆನ್ಷನ್ ಕಂಪನಿಯಿಂದಲೇ ಬಂದದ್ದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಒಂದೇ ಕಂಬದಲ್ಲಿ), ಹಿಂದೆ ಮಲ್ಟಿಲಿಂಕ್, ಬಟನ್ ಒತ್ತಿ ಶಾಕಿನ ಬಿಗಿ ಬದಲಿಸುವ ಅಡಾಪ್ಟಿವ್ ಅಲ್ಲ. ಟೈರ್ 225/40 ಆರ್18.

ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯ ಜಾಯಿಂಟ್‌ಗಳ ಮೇಲೆ ಪ್ರತಿ ಸಲ ಸ್ಟೇರಿಂಗಿಗೆ ಹೊಡೆತ ಬರುತ್ತದೆ. ಬಡಾವಣೆಯ ಕಿತ್ತುಹೋದ ರಸ್ತೆಯಲ್ಲಿ 15–20ರ ವೇಗದಲ್ಲಿ ಮುಂದೆ ಬಲಗಡೆಯಿಂದ ಟಕ್ ಟಕ್. ದೊಡ್ಡ ಹಂಪ್ ಇಳಿಯುವಾಗ ಒಮ್ಮೆ ‘ದಡ್’. ಮುಂದಿನ ಎರಡೂ ಶಾಕ್ ಹೋಗಿವೆ, ಹೇಗಿದ್ದರೂ ಬಿಚ್ಚಬೇಕು, ಕಾಯಿಲ್‌ಓವರ್ (ಕಾರಿನ ಎತ್ತರ ತಗ್ಗಿಸಬಹುದಾದ ಶಾಕ್-ಸ್ಪ್ರಿಂಗ್ ಸೆಟ್) ಹಾಕಿಸಿಬಿಡಿ ಅಂತ ಗ್ಯಾರೇಜಿನವರ ಸಲಹೆ. ಹಾಕಿಸಿದರೆ ರೈಡ್ ಸುಧಾರಿಸುತ್ತದೆಯೇ?

ಪಾನಾಪೆಟ್ಟಿಗೆ:
ಸದ್ಯಕ್ಕೆ ಏನನ್ನೂ ಆರ್ಡರ್ ಮಾಡಬೇಡಿ ಸರ್. ನೀವು ಹೇಳಿರುವುದು ಮೂರು ಬೇರೆ ಬೇರೆ ತೊಂದರೆ, ಮೂರಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ.

ಜಾಯಿಂಟ್ ಮೇಲಿನ ಚುರುಕು ಹೊಡೆತವನ್ನು ಮೊದಲು ತಡೆಯಬೇಕಾದದ್ದು ಟೈರಿನ ಪಕ್ಕದ ಗೋಡೆ, ಆಮೇಲೆ ಕೀಲುಗಳಲ್ಲಿರುವ ರಬ್ಬರ್ ಬುಷ್ ಮತ್ತು ಸ್ಟ್ರಟ್ಟನ್ನು ಮೇಲೆ ಬಾಡಿಗೆ ಹಿಡಿದಿರುವ ಮೌಂಟಿನ ರಬ್ಬರ್. ಕೆಲವೇ ಮಿ.ಮೀ. ಏಳುವ ಅಂಥ ಏಟಿಗೆ ಸ್ಪ್ರಿಂಗ್ ಸರಿಯಾಗಿ ಅಲುಗುವುದೂ ಇಲ್ಲ. ಕಾರು ಏಳುತ್ತ ಬೀಳುತ್ತ ನಿಲ್ಲದೆ ತೇಲಿದರೆ, ಕೆಟ್ಟ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಚಕ್ರ ಕುಣಿದರೆ, ಆಗ ಶಾಕ್ ಮೇಲೆ ಅನುಮಾನ ಪಡಬೇಕು. ಅದನ್ನು ನೀವು ಬರೆದೇ ಇಲ್ಲ.

ಗಾಳಿಯಿಂದ ಶುರು ಮಾಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಬೆಳಿಗ್ಗೆ ಓಡಿಸುವ ಮೊದಲು, ನಿಮ್ಮದೇ ಗೇಜಿನಿಂದ ನಾಲ್ಕೂ ಟೈರ್ ನೋಡಿ. ಬಾಗಿಲ ಕಂಬದ ಅಥವಾ ಪೆಟ್ರೋಲ್ ಮುಚ್ಚಳದ ಸ್ಟಿಕ್ಕರಿನಲ್ಲಿ ಕಡಿಮೆ ಲೋಡಿಗೆ ಒಂದು, ಪೂರ್ತಿ ಲೋಡಿಗೆ ಒಂದು ಅಂತ ಎರಡು ಅಂಕಿ ಇರುತ್ತವೆ. ಇಬ್ಬರೇ ಓಡಾಡುವ ಕಾರಿಗೆ ಪೂರ್ತಿ ಲೋಡಿನ ಗಾಳಿ ತುಂಬಿಸಿಕೊಂಡು ಸಸ್ಪೆನ್ಷನ್ ಗಟ್ಟಿ ಎನ್ನುವವರು ತುಂಬಾ ಜನ. ಟೈರಿನ ವಯಸ್ಸನ್ನೂ ನೋಡಿ: ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2318 ಎಂದಿದ್ದರೆ 2018ರ 23ನೇ ವಾರದ ಟೈರ್. ಟ್ರೆಡ್ ಉಳಿದಿದ್ದರೂ ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ.

ಟಾರ್ಕ್‌ರೆಂಚ್:
ಸದ್ದು ಹುಡುಕುವ ಕ್ರಮ ಹೇಳುತ್ತೇನೆ. ಮೊದಲು ಲಿಂಕ್ ರಾಡ್ (ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕಡ್ಡಿ), ಏಕೆಂದರೆ ನಿಧಾನ ವೇಗದ ಟಕ್ ಟಕ್ ಸದ್ದಿಗೆ ಅದೇ ಹೆಚ್ಚಿನ ಸಲ ಕಾರಣ, ಖರ್ಚೂ ಕಡಿಮೆ. ಮುಂದಿನ ಎರಡೂ ಚಕ್ರ ಒಂದೇ ಎತ್ತರದಲ್ಲಿರಬೇಕು. ಒಂದೇ ಕಡೆ ಜಾಕಿ ಹಾಕಿದರೆ ಸ್ಟೆಬಿಲೈಸರ್ ಬಾರ್ ಬಿಗಿದುಕೊಂಡು ಲಿಂಕಿನ ಸಡಿಲ ಗೊತ್ತಾಗುವುದಿಲ್ಲ. ಎರಡೂ ಲಿಂಕನ್ನು ಬಿಚ್ಚಿ, ಎಲ್ಲಿಗೂ ತಾಗದಂತೆ ಕಟ್ಟಿ, ಅದೇ ಕಿತ್ತುಹೋದ ರಸ್ತೆಯಲ್ಲಿ 20 ಮೀರದೆ ಸ್ವಲ್ಪ ದೂರ ಓಡಿಸಿ. ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಮೇನ್ ರೋಡಿಗೆ ಹೋಗಲೇಬೇಡಿ. ಸದ್ದು ನಿಂತರೆ ಲಿಂಕ್ ಅಥವಾ ಬಾರಿನ ಬುಷ್. ನಿಲ್ಲದಿದ್ದರೆ ಮುಂದಕ್ಕೆ ಹುಡುಕಬೇಕು.

ಲಿಂಕಿನ ನಟ್ ಬಿಚ್ಚುವಾಗ ಮಧ್ಯದ ಬೋಲ್ಟನ್ನು ಆಲನ್ ಕೀ ಅಥವಾ ಟಾರ್ಕ್ಸ್ ಬಿಟ್‌ನಿಂದ ಹಿಡಿದುಕೊಳ್ಳಿ. ಇಂಪ್ಯಾಕ್ಟ್ ಗನ್ ಹಾಕಿದರೆ ಬಾಲ್ ಒಳಗೇ ತಿರುಗಿ ರಬ್ಬರ್ ಬೂಟ್ ಹರಿಯುತ್ತದೆ, ಚೆನ್ನಾಗಿದ್ದ ಲಿಂಕೂ ಹಾಳು.

ಆಮೇಲೆ ಸ್ಟ್ರಟ್ ಮೌಂಟ್. ಕಾರು ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಲಿ. ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಅಂಗೈ ಇಡಲಿ, ಸುರುಳಿಗಳ ನಡುವೆ ಬೆರಳು ತೂರಿಸಬಾರದು. ಸ್ಪ್ರಿಂಗ್ ಒಂದೇ ಸಮನೆ ತಿರುಗಬೇಕು. ತಡೆದು ತಡೆದು ‘ಟಣ್’ ಎಂದು ಜಿಗಿದರೆ ಮೇಲಿನ ಬೇರಿಂಗ್ ಹಿಡಿದಿದೆ. ಇದೇ ಹೊತ್ತಿಗೆ ಟಾರ್ಚ್ ಹಿಡಿದು ಸ್ಪ್ರಿಂಗಿನ ಕೆಳತುದಿ ನೋಡಿ. ಸ್ಪ್ರಿಂಗ್ ತುಂಡಾಗುವುದು ಸಾಮಾನ್ಯವಾಗಿ ತಟ್ಟೆಯೊಳಗೆ ಕೂತ ಕೊನೆಯ ಸುತ್ತಿನಲ್ಲಿ, ಮೇಲಿಂದ ಕಾಣಿಸುವುದೇ ಇಲ್ಲ. ಸಮತಟ್ಟು ನೆಲದಲ್ಲಿ ಚಕ್ರದ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳೆದು ಎಡ ಬಲ ಹೋಲಿಸಿ. ವ್ಯತ್ಯಾಸ 10 ಮಿ.ಮೀ. ದಾಟಿದರೆ ಸ್ಪ್ರಿಂಗನ್ನು ಬಿಚ್ಚಿಯೇ ನೋಡಬೇಕು.

ಕೊನೆಗೆ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳು. ಹಿಂದಿನ ದೊಡ್ಡ ಬುಷ್‌ಗೆ ಪ್ರೈ ಬಾರ್ ಕೊಟ್ಟು ನಿಧಾನವಾಗಿ ಮೀಟಿ. ರಬ್ಬರ್ ಬಗ್ಗುವುದು ಸಹಜ. ರಬ್ಬರ್ ಲೋಹದಿಂದ ಬಿಟ್ಟುಕೊಂಡು ಸೀಳು ಬಾಯಿ ಬಿಟ್ಟರೆ ಬದಲಿಸಬೇಕು.

ಘಾಟಿದಾರಿ:
‘ದಡ್’ ಬಗ್ಗೆ ಯಾರೂ ಹೇಳಲಿಲ್ಲ. ಶಾಕಿನ ಡಸ್ಟ್ ಕವರ್ ಎತ್ತಿ ಬಂಪ್ ಸ್ಟಾಪ್ ನೋಡಿ. ಸ್ಪೋರ್ಟ್ ಸಸ್ಪೆನ್ಷನ್‌ನಲ್ಲಿ ಎತ್ತರ ತಗ್ಗಿಸಿರುವುದರಿಂದ ಸ್ಟ್ರಟ್ ಮೇಲಕ್ಕೆ ಸರಿಯಲು ಜಾಗ ಕಡಿಮೆ. ಹಾಗಾಗಿ ಹಳದಿ ಫೋಮಿನಂತೆ ಕಾಣುವ ಆ ಪಾಲಿಯುರಿಥೇನ್ ತುಂಡು ಎರಡನೇ ಸ್ಪ್ರಿಂಗಿನ ಕೆಲಸ ಮಾಡುತ್ತಿರುತ್ತದೆ. ವಯಸ್ಸಾದರೆ ಪುಡಿಪುಡಿಯಾಗಿ ಉದುರಿಹೋಗುತ್ತದೆ. ಆಮೇಲೆ ಲೋಹಕ್ಕೆ ಲೋಹ ಬಡಿಯುವುದೇ.

ಅಡಾಪ್ಟಿವ್ ಇರುವವರಿಗೂ ಒಂದು ಮಾತು. ಮೋಡ್ ಬಟನ್ ಬದಲಿಸುವುದು ಡ್ಯಾಂಪಿಂಗನ್ನು (ಶಾಕಿನ ಬಿಗಿಯನ್ನು) ಮಾತ್ರ, ಕಾಯಿಲ್ ಸ್ಪ್ರಿಂಗ್ ಮತ್ತು ಟೈರ್ ಇದ್ದಂತೆಯೇ ಇರುತ್ತವೆ. ಕಂಫರ್ಟ್‌ನಲ್ಲೂ ಜಾಯಿಂಟ್ ಹೊಡೆತ ಹಾಗೇ ಇದ್ದರೆ ಟೈರ್, ಮೌಂಟ್ ನೋಡಿ. ಎರಡು ಮೋಡಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಮೊದಲು ಸ್ಕ್ಯಾನ್ ಮಾಡಿಸಿ, ಶಾಕಿನ ಕನೆಕ್ಟರ್ ಮತ್ತು ವೈರ್ ನೋಡಿ. 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ ಮೊದಲು ಬಂದು, ಆಮೇಲೆ ಕಾರ್ವೆಟ್, ಆಡಿ ಟಿಟಿ, ಆರ್8ಗಳಿಗೂ ಬಂದ ಮ್ಯಾಗ್ನೆಟಿಕ್ ಶಾಕ್‌ಗಳ ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ. ಶಾಕಿನೊಳಗಿನ ತಂತಿಯ ಸುರುಳಿಗೆ ಕರೆಂಟ್ ಹರಿದಾಗ ಎಣ್ಣೆ ಬಿಗಿಯಾಗುತ್ತದೆ, ಕರೆಂಟ್ ತಪ್ಪಿದರೆ ಶಾಕ್ ಮೆತ್ತಗಾಗುತ್ತದೆ. ಅಂಥ ಕಾರಿಗೆ ಮಾಮೂಲಿ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ, ಅದಕ್ಕೆ ಕೋಡಿಂಗ್ ಅಥವಾ ಕ್ಯಾನ್ಸಲ್ ಕಿಟ್ ಬೇಕು.

ಕೆಂಪುಸೆಡಾನ್:
ಎಲ್ಲ ನೋಡಿದೆ. ಸ್ಟಿಕ್ಕರಿನಲ್ಲಿ 33 ಪಿಎಸ್‌ಐ, ಟೈರಿನಲ್ಲಿ ಇದ್ದದ್ದು ತಣ್ಣಗಿದ್ದಾಗಲೇ 38. ಇಳಿಸಿದ ಮೇಲೆ ಜಾಯಿಂಟ್ ಹೊಡೆತ ಅರ್ಧದಷ್ಟು ಕಡಿಮೆ ಅನ್ನಿಸುತ್ತಿದೆ. ಲಿಂಕ್ ಬಿಚ್ಚಿದರೂ ಟಕ್ ಟಕ್ ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದಾಗ ಬಲಗಡೆ ಸ್ಪ್ರಿಂಗ್ ಜಿಗಿಯುತ್ತದೆ. ಎತ್ತರದಲ್ಲಿ ವ್ಯತ್ಯಾಸ 3 ಮಿ.ಮೀ. ಬುಷ್ ಸರಿಯಿದೆ. ಬಲಗಡೆ ಬಂಪ್ ಸ್ಟಾಪ್ ಅರ್ಧ ಉದುರಿದೆ. ಬಲ ಶಾಕಿನ ಮೈ ಕೆಳಗಿನ ತಟ್ಟೆಯವರೆಗೂ ಎಣ್ಣೆಯಿಂದ ಒದ್ದೆ. ಎಡಗಡೆ ಮೇಲುಭಾಗದಲ್ಲಿ ಮಾತ್ರ ಧೂಳು ಹಿಡಿದ ತೆಳು ಜಿಡ್ಡು.

ಟಾರ್ಕ್‌ರೆಂಚ್:
ಹಾಗಾದರೆ ಸ್ಪಷ್ಟ. ಬಲ ಮೌಂಟ್ ಬೇರಿಂಗ್, ಬಲ ಬಂಪ್ ಸ್ಟಾಪ್, ಬಲ ಶಾಕ್ ಮೂರೂ ಹೋಗಿವೆ. ಎಡಗಡೆಯದು ಬರೀ ಜಿಡ್ಡು: ರಾಡ್ ಒಳಗೆ ಹೊರಗೆ ಆಡುವಾಗ ಸೀಲಿನ ಮೂಲಕ ಸ್ವಲ್ಪ ಎಣ್ಣೆ ಬರುವುದು ಸಹಜ. ಎರಡೂ ಹೋಗಿವೆ ಎಂದದ್ದು ತಪ್ಪು. ಆದರೂ ಶಾಕನ್ನು ಮುಂದಿನ ಜೋಡಿಯಾಗಿಯೇ ಬದಲಿಸಿ. ಒಂದು ಕಡೆ ಹೊಸದು, ಒಂದು ಕಡೆ 72 ಸಾವಿರ ಓಡಿದ್ದು ಇದ್ದರೆ ಬ್ರೇಕ್ ಹಿಡಿದಾಗ ಎರಡು ಚಕ್ರ ಎರಡು ರೀತಿ ನಡೆದುಕೊಳ್ಳುತ್ತವೆ.

ಬೇಕಾದದ್ದು: ಶಾಕ್ 2, ಸ್ಟ್ರಟ್ ಮೌಂಟ್ 2, ಬೇರಿಂಗ್ 2, ಬಂಪ್ ಸ್ಟಾಪ್ 2, ಡಸ್ಟ್ ಕವರ್ 2, ರಾಡಿನ ಮೇಲಿನ ನಟ್ 2, ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಮಾತ್ರ ಬಳಸಿ ಎಂದಿರುವ ಬೋಲ್ಟ್‌ಗಳು. ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದಿರುವ ಬೋಲ್ಟ್ ಹಿಗ್ಗಿರುತ್ತದೆ, ಹಳೆಯದನ್ನು ಮತ್ತೆ ಹಾಕಬೇಡಿ. ಸ್ಪ್ರಿಂಗ್ ಹಳೆಯದೇ ಸಾಕು.

ಜೋಡಿಸುವಾಗ ನಿಂತು ನೋಡಿ. ಟ್ವಿನ್ ಟ್ಯೂಬ್ ಶಾಕ್ ಆದರೆ ಹಾಕುವ ಮುಂಚೆ ನೆಟ್ಟಗೆ ನಿಲ್ಲಿಸಿ 4–5 ಸಲ ಪೂರ್ತಿ ಒತ್ತಿ ಎಳೆಯಬೇಕು, ಒಳಗಿನ ಗಾಳಿ ಮೇಲಕ್ಕೆ ಹೋಗಲು. ಮಲಗಿಸಿ ಇಟ್ಟಿದ್ದನ್ನು ಹಾಗೇ ಹಾಕಿದರೆ ಹೊಸ ಶಾಕೇ ಸದ್ದು ಮಾಡುತ್ತದೆ. ಹೊಳೆಯುವ ರಾಡನ್ನು ಪ್ಲೈಯರ್‌ನಿಂದ ಹಿಡಿಯಲೇಬಾರದು, ಒಂದು ಗೀರು ಸಾಕು ಸೀಲ್ ಹರಿಯಲು. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂರಬೇಕು. ಲೋವರ್ ಆರ್ಮ್ ಬೋಲ್ಟ್ ಸಡಿಲಿಸಿದ್ದರೆ ಕೊನೆಯ ಬಿಗಿತ ಚಕ್ರ ಜೋತಾಡುವಾಗ ಕೊಡಬಾರದು, ಕಾರಿನ ತೂಕ ಚಕ್ರದ ಮೇಲೆ ಬಿದ್ದ ಮೇಲೆ ಕೊಡಬೇಕು. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ರೈಡ್ ಗಟ್ಟಿಯಾಗುತ್ತದೆ, ಬೇಗ ಸೀಳುತ್ತದೆ. ಹೊಸ ಶಾಕ್ ಹಾಕಿದರೂ ಗಟ್ಟಿ ಎಂಬ ದೂರಿಗೆ ಇದು ದೊಡ್ಡ ಕಾರಣ.

ಕೆಂಪುಸೆಡಾನ್:
ಕಾಯಿಲ್‌ಓವರ್ ಬೇಡವೇ ಬೇಡವೇ? ಬಿಲ್‌ಸ್ಟೈನ್ ಬಗ್ಗೆಯೂ ಕೇಳಿದ್ದೇನೆ. ಚಕ್ರ 17 ಇಂಚಿಗೆ ಇಳಿಸಿದರೆ ಹೇಗೆ?

ಪಾನಾಪೆಟ್ಟಿಗೆ:
ನಿಮಗೆ ಬೇಕಾದದ್ದು ರೈಡ್. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಮೇಲಕ್ಕೆ ಸರಿಯುವ ಜಾಗದಲ್ಲೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಉಳಿದ ಜಾಗದಲ್ಲಿ ನಮ್ಮ ಹಂಪ್ ತಡೆಯಲು ಸ್ಪ್ರಿಂಗನ್ನು ಗಟ್ಟಿ ಮಾಡಲೇಬೇಕು. ಟ್ರ್ಯಾಕ್ ದಿನಕ್ಕೆ ಹೋಗುವವರಿಗೆ ಅದು ಸರಿ, ದಿನಾ ಆಫೀಸಿಗೆ ಹೋಗುವ ಕಾರಿಗೆ ನಾನು ಹೇಳುವುದಿಲ್ಲ. ಕಂಪನಿ ಶಾಕಿನ ವಾಲ್ವ್ ಅದೇ ಸ್ಪ್ರಿಂಗಿಗೆ, ಅದೇ ತೂಕಕ್ಕೆ ಹೊಂದಿಸಿದ್ದು. ಬಿಲ್‌ಸ್ಟೈನ್‌ನಲ್ಲಿ ಬಿ4 ಕಂಪನಿ ಶಾಕಿಗೆ ಬದಲಿ. ಬಿ6 ಮೂಲ ಎತ್ತರಕ್ಕೇ ಇನ್ನಷ್ಟು ಬಿಗಿ, ಬಿ8 ತಗ್ಗಿಸಿದ ಸ್ಪ್ರಿಂಗಿಗಾಗಿ ಉದ್ದ ಕಡಿಮೆ ಮಾಡಿದ್ದು. ನಿಮಗೆ ಕಂಪನಿಯ ಮೂಲ ಭಾಗ ಅಥವಾ ಬಿ4 ಸಾಕು. ಬುಕ್ ಮಾಡುವ ಮುಂಚೆ ಚಾಸಿ ನಂಬರ್ ಕೊಟ್ಟು ಸ್ಪೋರ್ಟ್ ಸಸ್ಪೆನ್ಷನ್‌ನ ಭಾಗವೇ ಹೌದೇ ಎಂದು ಖಚಿತ ಮಾಡಿಕೊಳ್ಳಿ.

17 ಇಂಚು ಒಳ್ಳೆಯ ಯೋಚನೆ. 225/40 ಆರ್18ರ ಪಕ್ಕದ ಗೋಡೆ 90 ಮಿ.ಮೀ., 225/45 ಆರ್17ರದು ಸುಮಾರು 101. ಒಟ್ಟು ವ್ಯಾಸ 637ರಿಂದ 634ಕ್ಕೆ ಇಳಿಯುತ್ತದೆ, ಸ್ಪೀಡೋಮೀಟರಿಗೆ ಲೆಕ್ಕಕ್ಕಿಲ್ಲ. ಒಂದು ಟೈರ್ ಹೊರಬಲ್ಲ ತೂಕ ಸೂಚಿಸುವ ಲೋಡ್ ಇಂಡೆಕ್ಸ್ ನೋಡಿ: 91 ಎಂದರೆ 615 ಕೆ.ಜಿ., 92 ಎಂದರೆ 630, 94 ಎಂದರೆ 670. ಈಗಿನದಕ್ಕಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ಮುಂದಿನ ಬ್ರೇಕ್ ಕ್ಯಾಲಿಪರಿಗೆ 17ರ ರಿಮ್ ತಾಗದೇ ಎಂದು ಒಂದು ಚಕ್ರ ಹಾಕಿ ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ.

ಘಾಟಿದಾರಿ:
ಕೆಲಸ ಮುಗಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮುಂದಿನ ಎರಡಕ್ಕೆ ಮಾತ್ರ ಅಲ್ಲ. ಮೊದಲು ಹಿಂದಿನ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು), ಆಮೇಲೆ ಹಿಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕೊನೆಗೆ ಸ್ಟೇರಿಂಗ್ ನೇರ ಹಿಡಿದು ಮುಂದಿನ ಟೋ. ಪ್ರಿಂಟ್ ಕೇಳಿ ಪಡೆಯಿರಿ. ಮುಂದೆ ಎಡ ಬಲ ಕ್ಯಾಂಬರ್ ವ್ಯತ್ಯಾಸ ಅರ್ಧ ಡಿಗ್ರಿ ಮೀರಿದ್ದರೆ ಸಬ್‌ಫ್ರೇಮ್ ಸರಿದಿದೆಯೇ, ಆರ್ಮ್ ಅಥವಾ ಚಕ್ರದ ಹಬ್ ಹಿಡಿದಿರುವ ನಕಲ್ (knuckle) ಬಗ್ಗಿದೆಯೇ ನೋಡಬೇಕು. ಬಲಗಡೆಯೇ ಎಲ್ಲ ಹೋಗಿರುವುದರಿಂದ ಒಂದು ದೊಡ್ಡ ಗುಂಡಿಯ ಏಟು ಬಿದ್ದಿರುವ ಸಾಧ್ಯತೆ ಇದೆ. ಆ ಬದಿಯ ರಿಮ್ಮನ್ನು ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ಒಳ ಅಂಚು ಬಗ್ಗಿದೆಯೇ ನೋಡಲು ಹೇಳಿ, ಹೊರಗಿನಿಂದ ಅದು ಕಾಣುವುದಿಲ್ಲ.