ಅಪ್‌ಡೇಟ್: ಮೂರು ತಾಲ್ಲೂಕು, ಒಂದೇ ಡಬ್ಬಿ ಸಮಸ್ಯೆ ಸರಿಹೋಯಿತು

ರಾಯಚೂರು, ಮಾನ್ವಿ, ಸಿಂಧನೂರಿನ ಹತ್ತಿ ಗಿಡಗಳ ಎತ್ತರಕ್ಕೆ ಆರ್‌ನಲ್ಲಿ (ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) ಬಾಕ್ಸ್‌ಪ್ಲಾಟ್, ಅಂದರೆ ಪ್ರತಿ ಗುಂಪಿನ ಅಳತೆಗಳ ಹರಡಿಕೆಯನ್ನು ಒಂದೊಂದು ಡಬ್ಬಿಯಾಗಿ ತೋರಿಸುವ ಚಿತ್ರ, ಹಾಕಿದರೆ ಮೂರರ ಬದಲು ಒಂದೇ ಡಬ್ಬಿ ಬರುತ್ತಿದೆ ಎಂದು ಇಲ್ಲಿ ನಿಮ್ಮನ್ನು ಕೇಳಿದ್ದೆ. ತಪ್ಪು ನನ್ನದೇ. ತಾಲ್ಲೂಕುಗಳಿಗೆ 1, 2, 3 ಅಂತ ಕೋಡ್ ಕೊಟ್ಟಿದ್ದೆ. ಆರ್‌ನಲ್ಲಿ ಚಿತ್ರ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್2 ಅದನ್ನು ಗುಂಪು ಅಂದುಕೊಳ್ಳದೆ ಬರೀ ಸಂಖ್ಯೆ ಅಂದುಕೊಂಡಿತ್ತು. ನೀವು ಹೇಳಿದಂತೆ ಆ ಕೋಡನ್ನು ಫ್ಯಾಕ್ಟರ್ (ಸಂಖ್ಯೆಯಲ್ಲ, ಗುಂಪಿನ ಗುರುತು) ಮಾಡಿದೆ, ಮೂರೂ ಬಂದವು. ವಾರ್ನಿಂಗ್ ಮೊದಲಿಂದಲೂ ಬರುತ್ತಿತ್ತು, ನಾನೇ ಸುಮ್ನೆ ದಾಟಿ ಹೋಗುತ್ತಿದ್ದೆ!

ಆಮೇಲೆ ನೋಡಿದರೆ ಮಾನ್ವಿ ಡಬ್ಬಿಯ ಮೇಲೆ, ಎಲ್ಲೋ ದೂರದಲ್ಲಿ, ಒಂಟಿ ಚುಕ್ಕೆ. ಡಬ್ಬಿಯ ಅಂಚಿನಿಂದ ಅದರ ಉದ್ದದ 1.5 ಪಟ್ಟು ದಾಟಿದ್ದನ್ನು ಹಾಗೆ ತೋರಿಸುತ್ತದೆ, ಅಲ್ವಾ? ಹೊಲದಲ್ಲಿ ಬರೆದ ನೋಟ್‌ಬುಕ್ ತೆಗೆದೆ. 95 ಸೆಂ.ಮೀ. ಬದಲು 950 ಒತ್ತಿದ್ದೆ. ಒಂಬತ್ತೂವರೆ ಮೀಟರ್ ಹತ್ತಿ ಗಿಡ! ಬರೀ ಸರಾಸರಿ ನೋಡಿದ್ದರೆ ಮಾನ್ವಿ ಹತ್ತಿಯೇ ಜಾಸ್ತಿ ಎತ್ತರ ಅಂತ ಬರೆದುಬಿಡುತ್ತಿದ್ದೆ.